ಪಶ್ಚಿಮ ಪಪುವಾ: ಒಂದು ಸಾಕ್ಷ್ಯಚಿತ್ರಕ್ಕಾಗಿ ದಾಖಲೆ ಹುಡುಕಿದ್ದು

ನ್ಯೂಗಿನಿ ದ್ವೀಪವನ್ನು ನಕ್ಷೆಯಲ್ಲಿ ನೋಡಿದರೆ ನಟ್ಟನಡುವೆ ಮೇಲಿಂದ ಕೆಳಕ್ಕೆ ಹೆಚ್ಚುಕಡಿಮೆ ನೇರವಾದ ಒಂದು ಗೆರೆ ಕಾಣುತ್ತದೆ. ಗೆರೆಯ ಪೂರ್ವಕ್ಕಿರುವುದು ಪಪುವಾ ನ್ಯೂಗಿನಿ. 1975ರಲ್ಲಿ ಆಸ್ಟ್ರೇಲಿಯಾದ ಆಡಳಿತ ಮುಗಿದು ಅದು ಸ್ವತಂತ್ರ ದೇಶವಾಯಿತು. ಪಶ್ಚಿಮಕ್ಕಿರುವ ಭಾಗ ಡಚ್ಚರ ಕೈಯಲ್ಲಿತ್ತು, ಈಗ ಇಂಡೋನೇಷ್ಯಾದ ಕೈಯಲ್ಲಿದೆ. ಗೆರೆ ಎಳೆದವರು ಯುರೋಪಿನವರು, ಎರಡೂ ಕಡೆಯ ಮೂಲನಿವಾಸಿಗಳು ಪಪುವನ್ನರು. ಒಂದು ಕಡೆಯವರಿಗೆ ದೇಶ ಸಿಕ್ಕಿತು, ಇನ್ನೊಂದು ಕಡೆಯವರಿಗೆ ಸಿಗಲಿಲ್ಲ. ಯಾಕೆ ಸಿಗಲಿಲ್ಲ ಎಂಬುದರ ಬಗ್ಗೆ ಇಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಒಂದು ಸಾಕ್ಷ್ಯಚಿತ್ರ ತಯಾರಾಯಿತು. ದಾಖಲೆ ಹುಡುಕುವುದು, ನಿರೂಪಣೆಯ ಒಂದೊಂದು ಸಾಲನ್ನೂ ದಾಖಲೆಯ ಜೊತೆ ತಾಳೆ ನೋಡುವುದು ನನ್ನ ಪಾಲಿನ ಕೆಲಸ. ಅದು ಹೇಗೆ ನಡೆಯಿತು ಎಂದು ಬರೆದಿಡಬೇಕು ಅನ್ನಿಸಿತು. ಕನ್ನಡದಲ್ಲಿ ಈ ವಿಷಯ ಓದಲು ಸಿಗುವುದು ತೀರಾ ಕಡಿಮೆ. ಅಲ್ಲದೆ ಈ ಕಥೆಯಲ್ಲಿ ನಮ್ಮ ದೇಶವೂ ಇದೆ.

ನಾನು ಸಾಗರದ ಕಡೆಯವನು. ವಿಡಿಯೋ ಸಂಕಲನದ ಕೆಲಸ ಹಿಡಿದು ಈ ಊರಿಗೆ ಬಂದವನು. ಚಿತ್ರದ ನಿರ್ದೇಶಕಿ ಇಲ್ಲೇ ಹುಟ್ಟಿ ಬೆಳೆದ ಪಪುವನ್ ಹೆಣ್ಣುಮಗಳು. ಅವರ ಅಜ್ಜ 1962ರಲ್ಲಿ, ಡಚ್ಚರು ಗಂಟುಮೂಟೆ ಕಟ್ಟುವ ಹೊತ್ತಿಗೆ, ಹಡಗು ಹತ್ತಿ ಬಂದವರು. ತಂಡ ತೀರಾ ಚಿಕ್ಕದು, ದುಡ್ಡೂ ಅಷ್ಟಕ್ಕಷ್ಟೆ. ಮೊದಲ ದಿನವೇ ಅವರು ಒಂದು ನಿಯಮ ಹಾಕಿದರು: ಎರಡು ಬೇರೆ ಬೇರೆ ದಾಖಲೆಗಳ ಆಧಾರ ಇಲ್ಲದ ಸಾಲು ಚಿತ್ರದಲ್ಲಿ ಇರಕೂಡದು. "ನಮ್ಮ ಜನ ಅರವತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ. ಅವರನ್ನು ಸುಳ್ಳುಗಾರರು ಅನ್ನಲು ಒಂದು ತಪ್ಪು ಇಸವಿ ಸಾಕು" ಎಂದರು. ಆ ಮಾತು ಕೊನೆಯವರೆಗೂ ನನ್ನ ಬೆನ್ನಿಗಿತ್ತು.

ಕೆಲಸ ಶುರುವಾದದ್ದು ಹೇಗ್‌ನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದಲ್ಲಿ. ಚೀಲ, ಕೋಟು ಲಾಕರಿಗೆ. ಪೆನ್ನು ನಿಷಿದ್ಧ, ಪೆನ್ಸಿಲ್ ಮಾತ್ರ. ಮೊದಲೇ ಕಡತದ ಸಂಖ್ಯೆ ಕೊಟ್ಟು ಕಾದಿರಿಸಿದರೆ ನೆಲಮಾಳಿಗೆಯಿಂದ ಪೆಟ್ಟಿಗೆ ಬರುತ್ತದೆ. ಫೋನಿನಲ್ಲಿ ಫೋಟೋ ತೆಗೆದುಕೊಳ್ಳಬಹುದು, ಫ್ಲ್ಯಾಶ್ ಹಾಕುವ ಹಾಗಿಲ್ಲ. ಹೆಚ್ಚಿನವು ಟೈಪ್ ಮಾಡಿದ ಕಾರ್ಬನ್ ಪ್ರತಿಗಳು, ಬೆಳಕಿಗೆ ಹಿಡಿದರೆ ಹಿಂದಿನ ಹಾಳೆಯ ಅಕ್ಷರ ಕಾಣುವಷ್ಟು ತೆಳುವಾದ ಕಾಗದ. ಡಚ್ ಭಾಷೆ ನನಗೆ ವ್ಯವಹಾರಕ್ಕೆ ಸಾಕಾಗುವಷ್ಟು ಬರುತ್ತದೆ, ಕಡತದ ಡಚ್ ಅದಕ್ಕಿಂತ ಗಡಸು. ಹಾಗಾಗಿ ಮಂತ್ರಿ ಮಹೋದಯರ ಟಿಪ್ಪಣಿಗಳನ್ನು ನಿರ್ದೇಶಕಿ ಓದುತ್ತಿದ್ದರು, ಇಂಗ್ಲಿಷಿನಲ್ಲಿದ್ದ ವಿಶ್ವಸಂಸ್ಥೆಯ ಕಾಗದ, ರಾಯಭಾರಿಗಳ ತಂತಿ ನನ್ನ ಪಾಲಿಗೆ.

ಆಮೇಲೆ ಹಿಲ್ವರ್ಸಮ್. ಡಚ್ ಟಿವಿ, ರೇಡಿಯೋ, ಹಳೆಯ ವಾರ್ತಾಚಿತ್ರಗಳ ಸಂಗ್ರಹವೆಲ್ಲ ಆ ಊರಿನಲ್ಲಿದೆ. 1950ರ ಮತ್ತು 60ರ ದಶಕದಲ್ಲಿ ಸಿನಿಮಾ ಶುರುವಾಗುವ ಮೊದಲು ತೋರಿಸುತ್ತಿದ್ದ ರೀಲುಗಳು. ನ್ಯೂಗಿನಿಯ ಬಗ್ಗೆ ದಂಡಿಯಾಗಿವೆ. ರಸ್ತೆ ಕೆಲಸ, ಶಾಲೆ, ಆಸ್ಪತ್ರೆ, ದೋಣಿ, ನೃತ್ಯ. ನೋಡುತ್ತಾ ನೋಡುತ್ತಾ ಒಂದು ಸಂಗತಿ ಎದೆಗೆ ನಾಟಿತು. ರೀಲಿನ ತುಂಬಾ ಪಪುವನ್ನರಿದ್ದಾರೆ, ಒಬ್ಬರ ದನಿಯೂ ಇಲ್ಲ. ಬಾಯಿ ಅಲ್ಲಾಡುತ್ತದೆ, ಕೇಳಿಸುವುದು ಡಚ್ ನಿರೂಪಕನ ಮಾತು ಮತ್ತು ಬ್ಯಾಂಡಿನ ಸಂಗೀತ. ಇಂಡೋನೇಷ್ಯಾದ ಕಡೆಯಿಂದ ಸಿಕ್ಕ ತುಣುಕುಗಳಲ್ಲೂ ಅದೇ: ಜನ ಅವರೇ, ಮಾತು ಜಕಾರ್ತಾದ್ದು. ವಿಶ್ವಸಂಸ್ಥೆಯ ಚಿತ್ರಗಳಲ್ಲಿ ಧ್ವಜ ಇಳಿಯುತ್ತದೆ, ಧ್ವಜ ಏರುತ್ತದೆ, ಪಕ್ಕದಲ್ಲಿ ನಿಂತವರನ್ನು ಯಾರೂ ಮಾತಾಡಿಸುವುದಿಲ್ಲ. ಅವರದೇ ಕಥೆಯಲ್ಲಿ ಅವರ ದನಿ ಎಲ್ಲಿಂದ ತರುವುದು? ಚಿತ್ರದ ಇಡೀ ಕಷ್ಟ ಇದೊಂದೇ ಆಗಿತ್ತು ಎಂದರೂ ತಪ್ಪಿಲ್ಲ.

ಎಷ್ಟೋ ಜನ ಅಂದುಕೊಂಡಂತೆ ಪಪುವನ್ನರು ಸ್ವಾತಂತ್ರ್ಯದ ಯೋಚನೆಯೇ ಇಲ್ಲದೆ ಕಾಡಿನಲ್ಲಿ ಕೂತಿದ್ದವರಲ್ಲ. 1961ರ ಆರಂಭದಲ್ಲಿ ಚುನಾವಣೆ ನಡೆದು, ಏಪ್ರಿಲ್ 5ರಂದು ಹೊಲಾಂಡಿಯಾ ಊರಿನಲ್ಲಿ, ಅಂದರೆ ಈಗಿನ ಜಯಪುರದಲ್ಲಿ, ನ್ಯೂಗಿನಿ ಕೌನ್ಸಿಲ್ ಕೂಡಿತು. 28 ಸದಸ್ಯರಲ್ಲಿ ಹೆಚ್ಚಿನವರು ಪಪುವನ್ನರು. ಅದೇ ಅಕ್ಟೋಬರ್ 19ರಂದು ಅವರೊಂದು ಘೋಷಣೆ ಹೊರಡಿಸಿದರು: ನಮ್ಮ ನಾಡಿನ ಹೆಸರು ಪಶ್ಚಿಮ ಪಪುವಾ, ನಮ್ಮ ಧ್ವಜ ಇದು, ನಮ್ಮ ನಾಡಗೀತೆ ಇದು. ಡಿಸೆಂಬರ್ 1ರಂದು ಬೆಳ್ಳಿಚುಕ್ಕಿಯ ಧ್ವಜ ಡಚ್ ಧ್ವಜದ ಪಕ್ಕದಲ್ಲಿ ಏರಿತು. ಕೆಂಪು ಪಟ್ಟಿಯಲ್ಲಿ ಒಂದು ಬಿಳಿ ನಕ್ಷತ್ರ, ಪಕ್ಕದಲ್ಲಿ ನೀಲಿ ಬಿಳಿ ಪಟ್ಟೆಗಳು. ಹದಿನೆಂಟೇ ದಿನಕ್ಕೆ ಯೋಗ್ಯಕರ್ತಾದಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಕರ್ಣೋ ಈ ಪ್ರದೇಶವನ್ನು ವಶಪಡಿಸಿಕೊಳ್ಳಲು ಕರೆ ಕೊಟ್ಟರು. ಪ್ಯಾರಾಟ್ರೂಪರುಗಳು ಇಳಿದರು, ಜನವರಿಯಲ್ಲಿ ಅರಫುರಾ ಸಮುದ್ರದಲ್ಲಿ ಕಾಳಗವೇ ನಡೆಯಿತು. ಇಂಡೋನೇಷ್ಯಾ ಸೋವಿಯತ್ ಕಡೆ ವಾಲೀತೆಂಬ ಭಯದಲ್ಲಿ ಅಮೆರಿಕ ಡಚ್ಚರ ಮೇಲೆ ಒತ್ತಡ ಹಾಕಿತು. ಅಮೆರಿಕದ ರಾಜತಂತ್ರಜ್ಞ ಎಲ್ಸ್‌ವರ್ತ್ ಬಂಕರ್ ನಡುವೆ ನಿಂತು ಕುದುರಿಸಿದ ಒಪ್ಪಂದಕ್ಕೆ ನ್ಯೂಯಾರ್ಕಿನಲ್ಲಿ ಸಹಿ ಬಿತ್ತು. ಸಹಿ ಹಾಕಿದ್ದು ನೆದರ್‌ಲ್ಯಾಂಡ್ಸ್ ಮತ್ತು ಇಂಡೋನೇಷ್ಯಾ. ಯಾರ ನೆಲವೋ ಅವರ ಸಹಿ ಆ ಹಾಳೆಯ ಮೇಲೆ ಇಲ್ಲ.

ಒಪ್ಪಂದದ ದಿನಾಂಕ 1962ರ ಆಗಸ್ಟ್ 15. ಅದನ್ನು ನನ್ನ ಪಟ್ಟಿಯಲ್ಲಿ ಬರೆದುಕೊಳ್ಳುವಾಗ ಕೈ ನಿಂತಿತು. ನಮ್ಮ ಶಾಲೆಗಳಲ್ಲಿ ಅವತ್ತು ಧ್ವಜ ಏರಿಸಿ ಮಿಠಾಯಿ ಹಂಚಿರುತ್ತಾರೆ.

ಭಾರತದ ಭಾಗ ಚಿತ್ರಕ್ಕೆ ಸೇರಿದ್ದು ಅಲ್ಲಿಂದ. ಮೊದಲ ಕರಡಿನಲ್ಲಿ ಅದು ಇರಲಿಲ್ಲ. ಕಾಗದ ಓದುತ್ತಾ ಹೋದಂತೆ ಭಾರತೀಯರ ಹೆಸರು ಬರುತ್ತಲೇ ಇತ್ತು. ಒಪ್ಪಂದದ ನಂತರ ಕದನವಿರಾಮದ ಉಸ್ತುವಾರಿಗೆ ವಿಶ್ವಸಂಸ್ಥೆ ಕಳಿಸಿದ ಸೇನಾ ಸಲಹೆಗಾರ ಬ್ರಿಗೇಡಿಯರ್ ಇಂದರ್ ಜಿತ್ ರಿಖ್ಯೆ. ಅವರ ಕೆಲಸ ಬಂದೂಕು ನಿಲ್ಲಿಸುವುದು, ಅದನ್ನು ಅಚ್ಚುಕಟ್ಟಾಗಿಯೇ ಮಾಡಿದರು. ಇನ್ನೊಬ್ಬರು ಸಿ. ವಿ. ನರಸಿಂಹನ್, ಊ ಥಾಂಟ್ ಪ್ರಧಾನ ಕಾರ್ಯದರ್ಶಿಯಾಗಿದ್ದ ಕಾಲದಲ್ಲಿ ವಿಶ್ವಸಂಸ್ಥೆಯ ಅಂಡರ್ ಸೆಕ್ರೆಟರಿ ಜನರಲ್. ಎಲ್ಲ ಮುಗಿದು ಮೂರು ದಶಕ ಕಳೆದ ಮೇಲೆ, 2001ರಲ್ಲಿ, ಸುದ್ದಿಸಂಸ್ಥೆಯೊಂದರ ಜೊತೆ ಮಾತಾಡುತ್ತಾ ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು: 1969ರಲ್ಲಿ ಪಪುವನ್ನರ ಜನಮತ ಎಂದು ನಡೆದದ್ದು ಬರೀ ಕಣ್ಣೊರೆಸುವ ಕೆಲಸ, ಈ ತಲೆನೋವು ಆದಷ್ಟು ಬೇಗ ತೊಲಗಲಿ ಎಂಬುದೇ ಅಲ್ಲಿನ ಮನಸ್ಥಿತಿಯಾಗಿತ್ತು, ಹತ್ತು ಲಕ್ಷ ಜನರ ಮೂಲಭೂತ ಹಕ್ಕು ತುಳಿಯಲ್ಪಡುತ್ತಿದೆ ಎಂದು ಯಾರೂ ಯೋಚಿಸಲಿಲ್ಲ. ನಿವೃತ್ತ ಅಧಿಕಾರಿಯೊಬ್ಬರು ಇಷ್ಟು ನೇರವಾಗಿ ಮಾತಾಡುವುದು ಅಪರೂಪ. ಆ ಮಾತು ಓದಿದಾಗ ನನಗೆ ಅವರ ಮೇಲೆ ಗೌರವ ಹುಟ್ಟಿತು, ಜೊತೆಗೆ ಸಂಕಟವೂ ಆಯಿತು. ಈ ಮಾತು 1969ರಲ್ಲೇ ಹೊರಬಿದ್ದಿದ್ದರೆ?

ದೇಶವಾಗಿಯೂ ನಾವು ಆ ಕಡೆಯೇ ನಿಂತಿದ್ದೆವು. 1955ರಲ್ಲಿ ಬಾಂಡುಂಗ್‌ನಲ್ಲಿ ಏಷ್ಯಾ, ಆಫ್ರಿಕಾದ ದೇಶಗಳು ಸೇರಿ ವಸಾಹತುಶಾಹಿಯನ್ನು ಖಂಡಿಸಿದವಲ್ಲ, ಅದೇ ಅಂತಿಮ ಹೇಳಿಕೆಯಲ್ಲಿ ಪಶ್ಚಿಮ ಇರಿಯನ್ (ಇಂಡೋನೇಷ್ಯಾದವರು ಪಶ್ಚಿಮ ಪಪುವಾಕ್ಕೆ ಹೇಳುತ್ತಿದ್ದ ಹೆಸರು) ವಿಷಯದಲ್ಲಿ ಇಂಡೋನೇಷ್ಯಾದ ನಿಲುವಿಗೆ ಬೆಂಬಲವೂ ಇತ್ತು. ನೆಹರೂ ಅವರು ಆ ಸಮ್ಮೇಳನದ ಮುಖ್ಯ ಶಿಲ್ಪಿಗಳಲ್ಲಿ ಒಬ್ಬರು. ಯುರೋಪಿನವನು ಹೊರಟರೆ ಸ್ವಾತಂತ್ರ್ಯ ಬಂದಂತೆಯೇ ಎಂಬುದು ಆ ಕಾಲದ ನಂಬಿಕೆ. ಹೊರಟವನ ಜಾಗದಲ್ಲಿ ಯಾರು ಕೂರಬೇಕು ಎಂದು ಆ ನೆಲದವರನ್ನು ಕೇಳುವ ಕೆಲಸ ಉಳಿದೇಹೋಯಿತು.

ನಾನು ಚಿತ್ರದ ಕಚ್ಚಾ ರೂಪವನ್ನು ಆಮ್ಸ್‌ಟೆಲ್‌ವೇನ್‌ನ ಕನ್ನಡದ ಗೆಳೆಯರ ಮನೆಯೊಂದರಲ್ಲಿ ತೋರಿಸಿದಾಗ ಬಂದ ಮೊದಲ ಆಕ್ಷೇಪವೂ ಇಲ್ಲಿಗೇ ಸಂಬಂಧಿಸಿದ್ದು. ಮಗನ ಮನೆಗೆ ಬಂದಿದ್ದ ಹಾಸನದ ಕಡೆಯ ನಿವೃತ್ತ ಮೇಷ್ಟ್ರು ಒಬ್ಬರು ಕೇಳಿದರು, "ಅಲ್ಲಪ್ಪಾ, ಇಂಡೋನೇಷ್ಯಾನೂ ನಮ್ ಹಾಗೇ ಹೋರಾಡಿ ಬಿಡಿಸ್ಕೊಂಡ ದೇಶ. ನಮ್ಮ ಬಿಜು ಪಟ್ನಾಯಕ್ ವಿಮಾನ ಓಡಿಸ್ಕೊಂಡ್ ಹೋಗಿ ಅವರ ನಾಯಕರನ್ನ ಡಚ್ಚರ ಬಾಯಿಂದ ಬಿಡಿಸ್ಕೊಂಡ್ ಬಂದಿದ್ರು. ಅಂಥೋರನ್ನ ಕಟಕಟೆಲಿ ನಿಲ್ಲಿಸೋದು ಸರೀನಾ?"

"ಮೇಷ್ಟ್ರೇ, ಪಟ್ನಾಯಕರು ಕರ್ಕೊಂಡ್ ಬಂದ ಸಜಾಹ್ರೀರ್ ಅವರನ್ನ ಡಚ್ಚರು ಮೊದಲು ಗಡೀಪಾರು ಮಾಡಿದ್ದು ಎಲ್ಲಿಗೆ ಗೊತ್ತಾ? ಇದೇ ಪಪುವಾಕ್ಕೆ. ಬೋವೆನ್ ಡಿಗೂಲ್ ಅಂತ, ಮಲೇರಿಯಾ ಕಾಡಿನ ಶಿಬಿರ" ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಅದನ್ನೂ ಹಾಕು. ಹೋರಾಟಗಾರರು ಅನ್ನೋದನ್ನ ಮರೆಸಬೇಡ. ಅವರು ಪಟ್ಟ ಪಾಡು ತೋರ್ಸಿ ಆಮೇಲೆ ಮಾಡಿದ್ದು ತೋರ್ಸು" ಎಂದರು. ನಿರ್ದೇಶಕಿಗೆ ಇದನ್ನು ಹೇಳಿದೆ. ಅವರಿಗೆ ಒಪ್ಪಿಗೆಯಾಯಿತು. ಚಿತ್ರದಲ್ಲಿ ಈಗ ಡಿಗೂಲ್ ಶಿಬಿರವಿದೆ, 1935ರಲ್ಲಿ ಅಲ್ಲಿಗೆ ಗಡೀಪಾರಾದ, ಮುಂದೆ ಇಂಡೋನೇಷ್ಯಾದ ಉಪಾಧ್ಯಕ್ಷರಾದ ಹತ್ತಾ ಮತ್ತು ಪ್ರಧಾನಿಯಾದ ಸಜಾಹ್ರೀರ್ ಇದ್ದಾರೆ. ಇಂಡೋನೇಷ್ಯಾದ ವಾದವೂ ಪೂರ್ತಿಯಾಗಿ ಇದೆ: ಡಚ್ ಈಸ್ಟ್ ಇಂಡೀಸ್ ಒಂದೇ ವಸಾಹತು, 1949ರಲ್ಲಿ ಸಾರ್ವಭೌಮತ್ವ ಕೊಡುವಾಗ ಡಚ್ಚರು ಈ ಒಂದು ತುಂಡನ್ನು ಮಾತ್ರ ಹಿಡಿದುಕೊಂಡದ್ದು ಕುಟಿಲ, ಅದನ್ನು ಮರಳಿ ಪಡೆದದ್ದು ವಿಮೋಚನೆಯ ಕೊನೆಯ ಹೆಜ್ಜೆ. ಡಚ್ಚರ ಉದ್ದೇಶ ಶುದ್ಧವಾಗಿರಲಿಲ್ಲ ಎಂಬುದನ್ನು ನಾವೂ ಎಲ್ಲೂ ಅಲ್ಲಗಳೆದಿಲ್ಲ. ಇವೆರಡರ ನಡುವೆ ಪಪುವನ್ನರಿಗೊಂದು ಇಚ್ಛೆ ಇತ್ತು ಅನ್ನುವುದಷ್ಟೇ ಚಿತ್ರದ ವಾದ.

ಇಚ್ಛೆ ಕೇಳುವುದಾಗಿ ಒಪ್ಪಂದದಲ್ಲೇ ಬರೆದಿತ್ತು. 1962ರ ಅಕ್ಟೋಬರ್ 1ರಿಂದ ವಿಶ್ವಸಂಸ್ಥೆಯ ತಾತ್ಕಾಲಿಕ ಆಡಳಿತ, 1963ರ ಮೇ 1ರಂದು ಇಂಡೋನೇಷ್ಯಾಕ್ಕೆ ಹಸ್ತಾಂತರ, 1969 ಮುಗಿಯುವುದರೊಳಗೆ ಜನಮತ. 18ನೇ ವಿಧಿ ಸ್ಪಷ್ಟವಾಗಿದೆ: ವಿದೇಶಿಯರಲ್ಲದ ಎಲ್ಲ ವಯಸ್ಕ ಗಂಡಸರೂ ಹೆಂಗಸರೂ ಅಂತಾರಾಷ್ಟ್ರೀಯ ಪದ್ಧತಿಯ ಪ್ರಕಾರ ಭಾಗವಹಿಸಲು ಅರ್ಹರು.

ಚಿತ್ರದ ಈ ಅಧ್ಯಾಯಕ್ಕೆ ನಾನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಟ್ಟೆ. ಮುಖ್ಯ ಆಧಾರ ವಿಶ್ವಸಂಸ್ಥೆಯದೇ ವರದಿ, 1969ರ ನವೆಂಬರಿನಲ್ಲಿ ಮಹಾಸಭೆಗೆ ಸಲ್ಲಿಸಿದ್ದು. ಬರೆದವರು ಬೊಲಿವಿಯಾದ ಫರ್ನಾಂಡೊ ಒರ್ಟಿಸ್ ಸಾನ್ಸ್, ಜನಮತಕ್ಕೆ ಸಲಹೆ ಸಹಾಯ ಕೊಡಲು ನೇಮಕವಾದ ಪ್ರತಿನಿಧಿ. ಅದನ್ನು ಮುದ್ರಿಸಿಕೊಂಡು ಸಾಲು ಸಾಲಾಗಿ ಗುರುತು ಹಾಕುತ್ತಾ ಓದಿದೆ. ಜುಲೈ 14ರಂದು ಮೆರೌಕೆಯಲ್ಲಿ ಶುರುವಾಗಿ ಆಗಸ್ಟ್ 2ರಂದು ಜಯಪುರದಲ್ಲಿ ಮುಗಿದ ಎಂಟು ಸಭೆಗಳು. ಸುಮಾರು ಎಂಟು ಲಕ್ಷ ಜನಸಂಖ್ಯೆಯ ನಾಡಿನ ಪರವಾಗಿ ಸಾವಿರದ ಚಿಲ್ಲರೆ ಪ್ರತಿನಿಧಿಗಳು. ಒಂದು ಕಡೆ 1,025 ಎಂದು, ಇನ್ನೊಂದು ಕಡೆ 1,026 ಎಂದು, ಮತ್ತೊಂದು ಕಡೆ 1,022 ಎಂದು ಬರುತ್ತದೆ. ಆಯ್ಕೆಯಾದವರೆಷ್ಟು, ಹಾಜರಾಗಿ ಭಾಗವಹಿಸಿದವರೆಷ್ಟು ಎಂಬುದರ ವ್ಯತ್ಯಾಸ ಅದು. ನಿರೂಪಣೆಯಲ್ಲಿ ಯಾವ ಸಂಖ್ಯೆ ಇಡುವುದು ಎಂದು ಸಂಕಲನಕಾರರಿಗೂ ನನಗೂ ಜೋರು ಚರ್ಚೆ ನಡೆಯಿತು. ಕೊನೆಗೆ ಭಾಗವಹಿಸಿದವರ ಸಂಖ್ಯೆ ಇಟ್ಟೆವು: 1,022. ಒಬ್ಬರೂ ವಿರೋಧಿಸಲಿಲ್ಲ. ಎಂಟು ಸಭೆಗಳಲ್ಲೂ ಸರ್ವಾನುಮತ.

ಗುಪ್ತ ಮತದಾನ ಇರಲಿಲ್ಲ. ಪ್ರತಿನಿಧಿಗಳನ್ನು ಮೊದಲೇ ಮನೆಯವರಿಂದ ದೂರ ಕರೆದೊಯ್ದು ಇಟ್ಟಿದ್ದರು, ಉಡುಗೊರೆ ಕೊಟ್ಟರು, ಬೆದರಿಸಿದರು ಎಂದು ಅವರಲ್ಲೇ ಕೆಲವರು ಆಮೇಲೆ ಹೇಳಿದ್ದಾರೆ. ಕನಿಷ್ಠ ಪಟ್ಟಣಗಳಲ್ಲಾದರೂ ಒಬ್ಬರಿಗೆ ಒಂದು ಮತ ಎಂಬ ಪದ್ಧತಿ ಇರಲಿ ಎಂದು ಒರ್ಟಿಸ್ ಸಾನ್ಸ್ ಸೂಚಿಸಿದ್ದರು. ಇಂಡೋನೇಷ್ಯಾ ಒಪ್ಪಲಿಲ್ಲ. ದುರ್ಗಮ ಬೆಟ್ಟ, ಓದುಬರಹ ಇಲ್ಲದ ಜನ, ಇಲ್ಲಿ ಅದು ಸಾಧ್ಯವಿಲ್ಲ ಎಂಬುದು ಕಾರಣ. ಇದನ್ನು ತಾಳೆ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಗೆರೆಯ ಆಚೆಯ ಸಂಗತಿ. ಪೂರ್ವಭಾಗದಲ್ಲಿ 1964ರಲ್ಲೇ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಕೊಟ್ಟು ಶಾಸನಸಭೆಗೆ ಚುನಾವಣೆ ನಡೆಸಿದ್ದರು. ಅದೇ ಪರ್ವತಶ್ರೇಣಿ, ಅಂಥದೇ ಹಳ್ಳಿಗಳು, ಅಷ್ಟೇ ಭಾಷೆಗಳ ಗೋಜಲು. ಪೆಟ್ಟಿಗೆ ಹೊತ್ತು ನಡೆದು ಹೋಗಿ ಮತ ಪಡೆದರು. ನಮ್ಮಲ್ಲೂ 1952ರಲ್ಲಿ ಓದು ಬಾರದ ಕೋಟ್ಯಂತರ ಜನ ಚಿಹ್ನೆ ನೋಡಿ ಮತ ಹಾಕಿರಲಿಲ್ಲವೇ? ಸಾಧ್ಯವಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಈ ಎರಡು ಚುನಾವಣೆಗಳ ಚಿತ್ರಗಳನ್ನು ಅಕ್ಕಪಕ್ಕ ಇಟ್ಟದ್ದು ನನ್ನ ಸಲಹೆ. ಚಿತ್ರದಲ್ಲಿ ಉಳಿದಿದೆ, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ.

ವರದಿಯಲ್ಲಿ ಒರ್ಟಿಸ್ ಸಾನ್ಸ್ ಸತ್ಯವನ್ನು ಪೂರ್ತಿ ಮುಚ್ಚಿಟ್ಟಿಲ್ಲ ಎಂಬುದನ್ನೂ ಹೇಳಬೇಕು. ಮಾತಿನ, ಸಭೆ ಸೇರುವ ಸ್ವಾತಂತ್ರ್ಯದ ಬಗ್ಗೆ ತಮಗೆ ಆಕ್ಷೇಪಗಳಿವೆ, ಆಡಳಿತ ಉದ್ದಕ್ಕೂ ಜನರ ಮೇಲೆ ಬಿಗಿಯಾದ ರಾಜಕೀಯ ಹಿಡಿತ ಇಟ್ಟುಕೊಂಡಿತ್ತು ಎಂದು ದಾಖಲಿಸಿದ್ದಾರೆ. ಹಾಗೆಂದವರೇ ಕೊನೆಗೆ, ಇಂಡೋನೇಷ್ಯಾದ ಪದ್ಧತಿಯ ಪ್ರಕಾರ ಮುಕ್ತ ಆಯ್ಕೆ ನಡೆದಿದೆ ಎಂದು ಮುಗಿಸುತ್ತಾರೆ. ಮಹಾಸಭೆಯಲ್ಲಿ ಕೆಲವು ಆಫ್ರಿಕನ್ ದೇಶಗಳು ಎದ್ದು ನಿಂತವು. 1975ರೊಳಗೆ ಪಪುವನ್ನರಿಗೆ ಇನ್ನೊಂದು ಅವಕಾಶ ಕೊಡಿ ಎಂದು ಘಾನಾ ಕೇಳಿತು. ಅದು ಬಿದ್ದುಹೋಯಿತು. ನವೆಂಬರ್ 19ರಂದು 84 ದೇಶಗಳು ಪರ, 30 ತಟಸ್ಥ, ವಿರೋಧ ಒಂದೂ ಇಲ್ಲದೆ, ಮಹಾಸಭೆ ವರದಿಯನ್ನು ಗಮನಕ್ಕೆ ತೆಗೆದುಕೊಂಡಿತು. ಅಲ್ಲಿಗೆ ಕಡತ ಮುಚ್ಚಿತು. ಅಮೆರಿಕದ ಫ್ರೀಪೋರ್ಟ್ ಗಣಿ ಕಂಪನಿಯ ಜೊತೆ ಜಕಾರ್ತಾ ಒಪ್ಪಂದ ಮಾಡಿಕೊಂಡದ್ದು 1967ರಲ್ಲಿ, ಅಂದರೆ ಜನಮತಕ್ಕೆ ಎರಡು ವರ್ಷ ಮೊದಲೇ. ಗಣಿಯ ಜಾಗವಾದ, ಅಮುಂಗ್ಮೆ ಎಂಬ ಪಪುವನ್ ಬುಡಕಟ್ಟಿನ ಬೆಟ್ಟ ಅಷ್ಟರಲ್ಲೇ ಕೈ ಬದಲಾಗಿತ್ತು. ಈಗ ಅಲ್ಲಿರುವ ಗ್ರಾಸ್‌ಬರ್ಗ್ ಜಗತ್ತಿನ ಅತಿ ದೊಡ್ಡ ಚಿನ್ನ, ತಾಮ್ರದ ಗಣಿಗಳಲ್ಲೊಂದು.

ಆ ಹೊತ್ತಿನಲ್ಲಿ ಪಪುವನ್ನರ ದನಿ ಜಗತ್ತಿಗೆ ಮುಟ್ಟಿಸಲು ಇಬ್ಬರು ಹೊರಟಿದ್ದರು. ವಿಲೆಮ್ ಝೊಂಗೊನೌ, ಕ್ಲೆಮೆನ್ಸ್ ರುನಾವೇರಿ. 1969ರಲ್ಲಿ ಗಡಿ ದಾಟಿ, ನ್ಯೂಯಾರ್ಕಿಗೆ ಹೋಗಿ ವಿಶ್ವಸಂಸ್ಥೆಯ ಮುಂದೆ ತಮ್ಮ ಜನರ ಹೇಳಿಕೆ ಇಡುವುದು ಅವರ ಉದ್ದೇಶ. ಇಂಡೋನೇಷ್ಯಾದ ಕೋರಿಕೆಯ ಮೇರೆಗೆ ಆಸ್ಟ್ರೇಲಿಯಾದ ಅಧಿಕಾರಿಗಳು ಅವರನ್ನು ತಡೆದು ಮಾನುಸ್ ದ್ವೀಪಕ್ಕೆ ಕಳಿಸಿದರು. ನಿರ್ದೇಶಕಿ ಈ ಭಾಗವನ್ನು ಸಂಗೀತವಿಲ್ಲದೆ, ಬರೀ ನಕ್ಷೆಯ ಮೇಲೆ ತೋರಿಸಿದ್ದಾರೆ. ಗಡಿಯಿಂದ ಹೊರಟ ಗೆರೆ ಸಮುದ್ರದ ನಡುವಿನ ಒಂದು ಚುಕ್ಕಿಯ ಬಳಿ ನಿಂತುಬಿಡುತ್ತದೆ.

ದನಿ ಹುಡುಕುವ ಕೆಲಸ ಡೆಲ್ಫ್ಟ್ ಊರಿಗೆ ಕರೆದೊಯ್ದಿತು. 1960ರ ದಶಕದಲ್ಲಿ ಬಂದ ಪಪುವನ್ ಕುಟುಂಬಗಳು ಆ ಸುತ್ತಮುತ್ತ ಇವೆ. ಒಬ್ಬ ಹಿರಿಯರನ್ನು ಎಲ್ಲರೂ ಬಾಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಹೊಲಾಂಡಿಯಾದಲ್ಲಿ ಧ್ವಜ ಏರಿದ ದಿನ ಅವರು ಶಾಲಾ ಹುಡುಗ. ಕ್ಯಾಮೆರಾ ಇಟ್ಟ ತಕ್ಷಣ ಅವರು ಇಸವಿ, ಒಪ್ಪಂದ, ವಿಧಿ ಎಂದು ಪಾಠ ಒಪ್ಪಿಸುವ ಹಾಗೆ ಹೇಳತೊಡಗಿದರು. ಪತ್ರಕರ್ತರಿಗೆ ಹೇಳಿ ಹೇಳಿ ರೂಢಿಯಾದ ಮಾತು. ನಿರ್ದೇಶಕಿ ಕ್ಯಾಮೆರಾ ನಿಲ್ಲಿಸಿಸಿ, ಅಡುಗೆಮನೆಗೆ ಹೋಗಿ ಕಾಫಿ ಮಾಡಿಕೊಂಡು ಬಂದು, ಆ ದಿನ ನೀವು ಏನು ಹಾಕಿಕೊಂಡಿದ್ದಿರಿ ಎಂದು ಕೇಳಿದರು. ಅವರು ನಕ್ಕರು. ಅಣ್ಣನ ಅಂಗಿ, ತೋಳು ಉದ್ದವಾಗಿ ಮಡಚಿದ್ದೆ ಎಂದರು. ಆಮೇಲೆ ಎರಡು ಗಂಟೆ ಮಾತು ನಿಲ್ಲಲಿಲ್ಲ. ತಾಯಿ ಯಾಕೆ ಅತ್ತಳು, ತಂದೆ ಯಾವ ಪಕ್ಷದ ಕಡೆ, ಹಡಗಿಗೆ ಏನೇನು ತುಂಬಿಸಿದರು, ಬಂದ ಮೊದಲ ಚಳಿಗಾಲದಲ್ಲಿ ತಂಗಿಗೆ ಏನಾಯಿತು. ಚಿತ್ರದ ಬೆನ್ನೆಲುಬು ಆ ಎರಡು ಗಂಟೆ.

ಎದ್ದು ಹೊರಡುವಾಗ ಬಾಪಾ ಬೀರುವಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಕೊಟ್ಟರು. ಒಳಗೆ ಮಾಂಬೆಸಾಕ್ ತಂಡದ ಕ್ಯಾಸೆಟ್ಟುಗಳು. ಆ ತಂಡ ಕಟ್ಟಿದವರಲ್ಲಿ ಪ್ರಮುಖರು ಅರ್ನಾಲ್ಡ್ ಆಪ್, ಜಯಪುರದ ಚೆಂದ್ರವಾಸಿ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸಂಗ್ರಹಾಲಯದ ಕ್ಯುರೇಟರ್. ಹಳ್ಳಿ ಹಳ್ಳಿಯ ಹಾಡು ಕಲೆಹಾಕಿ, ಗಿಟಾರು, ಉಕುಲೆಲೆ, ತಿಫಾ ಎಂಬ ಚರ್ಮವಾದ್ಯ ಹಿಡಿದು ಅವರವರ ಭಾಷೆಯಲ್ಲೇ ಹಾಡಿದರು. ರಾಜಕೀಯ ಭಾಷಣ ಮಾಡುವ ಹಾಗಿರಲಿಲ್ಲ, ಹಾಡುವ ಹಾಗಿತ್ತು. 1983ರಲ್ಲಿ ಅವರನ್ನು ಬಂಧಿಸಿದರು, 1984ರ ಏಪ್ರಿಲಿನಲ್ಲಿ ಕೊಂದರು. ತಪ್ಪಿಸಿಕೊಂಡು ಓಡುತ್ತಿದ್ದರು ಎಂಬುದು ಅಧಿಕಾರಿಗಳ ಹೇಳಿಕೆ. ಪಪುವನ್ನರು ಯಾರೂ ಅದನ್ನು ನಂಬಿಲ್ಲ.

ಒಂದು ಕ್ಯಾಸೆಟ್ಟಿನಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟು ಕಿತ್ತು ಬಿದ್ದಿತ್ತು. ಹೊಸ ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿ, ಅದರ ಹೊದಿಕೆಯೊಳಗೆ ಹಳೆಯ ಸುರುಳಿಗಳನ್ನು ಕೂರಿಸಿದೆ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ದನಿ ಮಂಕಾಗದಂತೆ ಹೆಡ್ಡಿನ ಕೋನವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕೂತೆ. ಮೊದಲು ಸುಯ್ ಎನ್ನುವ ಸದ್ದು, ಆಮೇಲೆ ಗಿಟಾರು, ಆಮೇಲೆ ಗಂಡಸರು ಹೆಂಗಸರು ಒಟ್ಟಿಗೆ. ಹಿಲ್ವರ್ಸಮ್‌ನ ಆ ಮೂಕ ರೀಲುಗಳೆಲ್ಲ ಕಣ್ಣ ಮುಂದೆ ಬಂದವು. ನಿರ್ದೇಶಕಿ ಅದೇ ವಾರ ಸಂಕಲನವನ್ನು ಬದಲಿಸಿದರು. ಡಚ್ ನಿರೂಪಕನ ದನಿ ಸುಮಾರು ಕಡೆ ಹೋಯಿತು, ಆ ಜಾಗದಲ್ಲಿ ಬಾಪಾ ಮಾತಾಡುತ್ತಾರೆ, ಅಥವಾ ಮಾಂಬೆಸಾಕ್ ಹಾಡುತ್ತದೆ. ಹಾಡು ಬಳಸಲು ಸಂಬಂಧಪಟ್ಟ ಕುಟುಂಬದವರ ಒಪ್ಪಿಗೆ ಪಡೆದೇ ಮುಂದುವರಿದೆವು. ಹಾಗೆ ಪಡೆಯಲು ಹಿಡಿದ ಸಮಯದಲ್ಲಿ ಚಿತ್ರದ ಬಿಡುಗಡೆ ಮುಂದಕ್ಕೆ ಹೋಯಿತು. ಅದಕ್ಕೆ ಯಾರೂ ಬೇಸರಪಡಲಿಲ್ಲ.

ನಾಡಿನ ಒಳಗಿನಿಂದ ಬಂದ ಸಾಕ್ಷ್ಯಗಳ ಬಗ್ಗೆ ಹೆಚ್ಚು ಬರೆಯಲಾರೆ. ವಿದೇಶಿ ಪತ್ರಕರ್ತರಿಗೆ ಅಲ್ಲಿ ಮುಕ್ತ ಪ್ರವೇಶ ಇಲ್ಲ. ಧ್ವಜ ಏರಿಸಿದವರ ಮೇಲೆ ರಾಜದ್ರೋಹದ ಕಲಂ ಬೀಳುತ್ತದೆ. ಫಿಲೆಪ್ ಕರ್ಮಾ ಅವರಿಗೆ 2004ರ ಡಿಸೆಂಬರ್ 1ರ ಧ್ವಜಾರೋಹಣಕ್ಕೆ ಸಿಕ್ಕಿದ್ದು 15 ವರ್ಷದ ಶಿಕ್ಷೆ. 2015ರಲ್ಲಿ ಹೊರಬಂದರು, 2022ರಲ್ಲಿ ತೀರಿಕೊಂಡರು. ಹಾಗಾಗಿ ಮುಖಕ್ಕೆ ಮಸುಕು ಹಾಕಿ ದನಿ ಬದಲಿಸಿದರೆ ಸಾಲದು ಎಂದು ತೀರ್ಮಾನಿಸಿದೆವು. ಮಸುಕಿನ ಹಿಂದಿನ ಭುಜ, ಗೋಡೆಯ ಬಣ್ಣ, ಕೋಳಿಯ ಕೂಗು, ಯಾವುದರಿಂದಲೂ ಗುರುತು ಸಿಗಬಹುದು. ಸಾಕ್ಷ್ಯಗಳನ್ನು ಬರಹಕ್ಕಿಳಿಸಿ, ಇಲ್ಲಿನ ಪಪುವನ್ ಯುವಕ ಯುವತಿಯರಿಂದ ಓದಿಸಿ, ಮೂಲ ಕಡತಗಳನ್ನು ಅಳಿಸಿದೆವು. ಸ್ಥಳದ ಹೆಸರು, ತಿಂಗಳು, ವೃತ್ತಿ ಎಲ್ಲ ತೆಗೆದೆವು. ಎರಡು ದಾಖಲೆಗಳ ನಿಯಮ ಇಲ್ಲಿಗೆ ಅನ್ವಯಿಸುವಂತಿರಲಿಲ್ಲ. ಅದನ್ನು ಚಿತ್ರದಲ್ಲೇ ತೆರೆಯ ಮೇಲೆ ಬರೆದು ಹೇಳಿದ್ದೇವೆ.

ಡೆಲ್ಫ್ಟ್‌ನಲ್ಲಿ ಸಮುದಾಯದವರಿಗೆ ತೋರಿಸಿದ ದಿನ ಹಿರಿಯರು ಮುಂದಿನ ಸಾಲಿನಲ್ಲಿ ಕೂತಿದ್ದರು. ಮುಗಿದ ಮೇಲೆ ಒಬ್ಬ ಅಜ್ಜಿ ಎದ್ದು, 1961ರ ಕೌನ್ಸಿಲ್ ಸದಸ್ಯರ ಹೆಸರುಗಳು ಎಲ್ಲಿ ಎಂದು ಕೇಳಿದರು. ಕೆನಡಿಯ ಹೆಸರಿದೆ, ಸುಕರ್ಣೋ ಹೆಸರಿದೆ, ನಮ್ಮವರ ಹೆಸರು ಯಾಕಿಲ್ಲ? ಸರಿಯಾದ ಪ್ರಶ್ನೆ. ಹೇಗ್‌ನ ಕಡತಗಳಿಂದ ಪಟ್ಟಿ ತೆಗೆದು, ಕಾಗುಣಿತವನ್ನು ಅವರವರ ಮನೆಯವರಲ್ಲಿ ಕೇಳಿ ಸರಿಪಡಿಸಿ, ಚಿತ್ರದ ಮೊದಲಿಗೇ ಹಾಕಿದೆವು. ಹುಡುಗರ ಬೇಡಿಕೆ ಬೇರೆ. 1969ಕ್ಕೆ ನಿಲ್ಲಿಸಬೇಡಿ, 2019ರಲ್ಲಿ ಸುರಬಾಯಾದಲ್ಲಿ ನಮ್ಮ ವಿದ್ಯಾರ್ಥಿಗಳನ್ನು ಕೋತಿಗಳೆಂದು ಬೈದ ಮೇಲೆ ಬೀದಿಗಿಳಿದವರನ್ನೂ ತೋರಿಸಿ ಎಂದರು. ಅದೂ ಸೇರಿತು.

ಈಗ ಕನ್ನಡ ಉಪಶೀರ್ಷಿಕೆಯ ಕೆಲಸ ಮುಗಿಸಿದ್ದೇನೆ. ನಿಮ್ಮೂರಿನ ಚಿತ್ರಸಮಾಜವೋ ಕಾಲೇಜೋ ತೋರಿಸುವುದಾದರೆ ತಂಡ ಪ್ರತಿ ಕೊಡುತ್ತದೆ, ಶುಲ್ಕ ಇಲ್ಲ. ಒಂದೇ ಷರತ್ತು: ಒಳಗಿನವರ ಸಾಕ್ಷ್ಯ ಬರುವ ಭಾಗವನ್ನು ಯಾರೂ ಫೋನಿನಲ್ಲಿ ಹಿಡಿದು ಹಂಚಬಾರದು. ಪ್ರದರ್ಶನಕ್ಕೆ ಮೊದಲು ಇದನ್ನು ಸಭೆಯಲ್ಲಿ ಓದಿ ಹೇಳಬೇಕು, ಒಪ್ಪದವರನ್ನು ಆ ಭಾಗ ಮುಗಿಯುವವರೆಗೆ ಹೊರಗೆ ಕೂರಿಸಬೇಕು.